ಒಂದು ‘ಎ’ ಕಾಣೆಯಾಗಿದೆ

ನಮ್ಮ ಬೀದಿಯ ಹುಡುಗನೊಬ್ಬನ ಹೆಸರಿನಿಂದ ‘ಎ’ ಅನ್ನುವ ಇಂಗ್ಲಿಷ್ ಅಕ್ಷರ ಕಾಣೆಯಾಗಿದೆ. ಆಧಾರ್ ಕಾರ್ಡಿನಲ್ಲಿ ಹೆಸರಿನ ಬಾಲಕ್ಕೆ ಅಂಟಿಕೊಂಡು ಆರಾಮಾಗಿ ಕೂತಿದೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಭೂತಗನ್ನಡಿ ಹಾಕಿ ಹುಡುಕಿದರೂ ಇಲ್ಲ. ಜಾತಿ ಸರ್ಟಿಫಿಕೇಟಿನಲ್ಲಿ ಮತ್ತೆ ಪ್ರತ್ಯಕ್ಷ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮತ್ತೆ ಮಾಯ. ಕಂಡವರು ದಯವಿಟ್ಟು ತಿಳಿಸಿ. ಬಹುಮಾನ ಕೊಡುವ ಶಕ್ತಿ ನಮಗಿಲ್ಲ. ಆ ಅಕ್ಷರ ಸಿಗುವ ತನಕ ಹುಡುಗನಿಗೆ ಸ್ಕಾಲರ್‌ಶಿಪ್ಪೇ ಇಲ್ಲ, ಇನ್ನು ಬಹುಮಾನ ಎಲ್ಲಿಂದ ತರೋಣ?

ಹುಡುಗನ ಹೆಸರು ಮಂಜುನಾಥ ಅಂತಿಟ್ಟುಕೊಳ್ಳಿ. ನಮ್ಮ ಕಡೆ ಸಂತೆಯಲ್ಲಿ ನಿಂತು ‘ಲೋ ಮಂಜಾ’ ಅಂದರೆ ಹತ್ತು ತಲೆ ತಿರುಗುತ್ತವೆ. ಹಾಗಾಗಿ ಯಾರ ಗುಟ್ಟೂ ರಟ್ಟಾಗಲ್ಲ. ಕನ್ನಡದಲ್ಲಿ ಈ ಹೆಸರಿಗೆ ಯಾವ ತೊಂದರೆಯೂ ಇಲ್ಲ. ‘ಥ’ ಬರೆದರೆ ‘ಅ’ ಅದರ ಹೊಟ್ಟೆಯೊಳಗೇ ಇರುತ್ತದೆ, ಬೇರೆ ಕರೆಯಬೇಕಿಲ್ಲ. ಇಂಗ್ಲಿಷಿನಲ್ಲಿ ಹೊಟ್ಟೆಯಲ್ಲಿರುವುದನ್ನೂ ಹೊರಗೆ ತೆಗೆದು ತೋರಿಸಬೇಕು. ಕೆಲವರು ತೋರಿಸುತ್ತಾರೆ, ಕೆಲವರು ತೋರಿಸಲ್ಲ. ಎರಡೂ ಸರಿ ಅಂತಲೇ ಇಷ್ಟು ವರ್ಷ ನಂಬಿದ್ದೆವು. ಸ್ಕಾಲರ್‌ಶಿಪ್ ಅರ್ಜಿ ಹಾಕುವ ಪೋರ್ಟಲ್ ಬರುವ ತನಕ.

ಅವರ ಮನೆಯಲ್ಲಿ ಡಿಗ್ರಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಇವನೇ ಮೊದಲನೆಯವನು. ಅಪ್ಪ ಗಾರೆ ಕೆಲಸಕ್ಕೆ ಹೋಗುತ್ತಾರೆ, ಅಮ್ಮ ತೋಟದ ಕೂಲಿಗೆ. ಸರ್ಕಾರ ದೀಪ ಹಿಡಿದು ಹುಡುಕುತ್ತಿರುವುದು ಇಂಥವರನ್ನೇ ಅಲ್ವಾ? 2020ರ ರಾಷ್ಟ್ರೀಯ ಶಿಕ್ಷಣ ನೀತಿ ಏನು ಹೇಳುತ್ತದೆ? 2035ರ ಹೊತ್ತಿಗೆ ಕಾಲೇಜು ವಯಸ್ಸಿನ ನೂರು ಮಂದಿಗೆ 50 ಮಂದಿಯಷ್ಟಾದರೂ ಉನ್ನತ ಶಿಕ್ಷಣದಲ್ಲಿರಬೇಕು ಅನ್ನುತ್ತದೆ. ಕೇಂದ್ರ ಸರ್ಕಾರದ 2021-22ರ ಸಮೀಕ್ಷೆಯಲ್ಲಿ ಆ ಲೆಕ್ಕ 28.4ಕ್ಕೆ ನಿಂತಿತ್ತು. ಪರಿಶಿಷ್ಟ ಪಂಗಡದಲ್ಲಿ 21.2, ಪರಿಶಿಷ್ಟ ಜಾತಿಯಲ್ಲಿ 25.9. ಆ ಪಾಯಿಂಟ್ ಒಂಬತ್ತು ನಮ್ಮ ಮಂಜುನಾಥನೇ ಇರಬೇಕು ಅಂತ ನನ್ನ ಗುಮಾನಿ. ಪೂರ್ತಿ ಒಬ್ಬ ಅನ್ನಿಸಿಕೊಳ್ಳಲು ಒಂದಂಶ ಕಡಿಮೆ. ಆ ಒಂದಂಶವೇ ‘ಎ’.

ಕಳೆದುಹೋಗಿದ್ದು ಗೊತ್ತಾದದ್ದು ಬಸ್ ಸ್ಟ್ಯಾಂಡ್ ಪಕ್ಕದ ಸೈಬರ್ ಸೆಂಟರಿನಲ್ಲಿ. ನಾನೂ ಜೊತೆಗಿದ್ದೆ. ರಿಟೈರಾದ ಹೈಸ್ಕೂಲ್ ಮೇಷ್ಟ್ರಿಗೆ ಬೇರೆ ಏನು ಕೆಲಸ, ಇಂಥ ಕಡೆ ಹೋಗಿ ‘ಸ್ವಲ್ಪ ಬೇಗ ನೋಡಪ್ಪ’ ಅನ್ನುವುದು ಬಿಟ್ಟು? ಪರದೆ ಮೇಲೆ ಚಕ್ರ ತಿರುಗುತ್ತಿತ್ತು. ಸೈಬರ್ ಹುಡುಗ ಅದನ್ನು ನೋಡುತ್ತಿರಲಿಲ್ಲ. ಟೀ ತರಿಸಿದ, ಇನ್ನೊಬ್ಬರ ಪಹಣಿ ಪ್ರಿಂಟ್ ತೆಗೆದ, ಫೋನಿನಲ್ಲಿ ಯಾರಿಗೋ ಬೈದ. ಚಕ್ರ ತಿರುಗುತ್ತಲೇ ಇತ್ತು. ‘ಹಗಲೊತ್ತು ಎಲ್ಲರೂ ಹತ್ತಿರ್ತಾರೆ ಮೇಷ್ಟ್ರೇ, ರಾತ್ರಿ ಹನ್ನೊಂದರ ಮೇಲೆ ಬನ್ನಿ’ ಅಂದ. ಬಂದೆವು. ಮೊದಲ ಒಟಿಪಿ ಬರಲಿಲ್ಲ. ಎರಡನೆಯದು ಬಂತು, ಆದರೆ ಹಾಕುವಷ್ಟರಲ್ಲಿ ಅದರ ಆಯಸ್ಸು ಮುಗಿದಿತ್ತು. ಮೂರನೆಯದಕ್ಕೆ ಬಾಗಿಲು ತೆರೆಯಿತು. ಹನ್ನೊಂದೂ ಮುಕ್ಕಾಲಿಗೆ ಕೆಂಪಕ್ಷರದಲ್ಲಿ ಒಂದು ಸಾಲು ಬಂತು: ಹೆಸರು ಹೊಂದಾಣಿಕೆಯಾಗುತ್ತಿಲ್ಲ.

ಮಾರ್ಕ್ಸ್ ಕಾರ್ಡಿನಲ್ಲಿ ‘ಎ’ ಯಾಕಿಲ್ಲ ಅಂತ ಯೋಚಿಸುತ್ತಾ ಮನೆಗೆ ಬಂದೆ. ಅರ್ಧ ದಾರಿಯಲ್ಲಿ ಹೊಳೆಯಿತು, ಎದೆ ಝಲ್ಲೆಂದಿತು. ಅವನು ಹತ್ತನೇ ಕ್ಲಾಸಿನಲ್ಲಿದ್ದಾಗ ನಾಮಿನಲ್ ರೋಲ್, ಅಂದರೆ ಪರೀಕ್ಷೆಗೆ ಕೂರುವವರ ಹೆಸರಿನ ಪಟ್ಟಿ, ತುಂಬಿದ್ದು ಯಾರು? ನಾನೇ. ಆ ವರ್ಷ ನನ್ನ ಕ್ಲಾಸಿನಲ್ಲಿ ನಾಲ್ಕು ಜನ ಮಂಜುನಾಥರಿದ್ದರು. ನಾಲ್ವರ ಬಾಲವನ್ನೂ ನಾನೇ ಕತ್ತರಿಸಿದ್ದೆ. ಏನೂ ದುರುದ್ದೇಶ ಇರಲಿಲ್ಲ, ಬರೆಯುವುದು ಬೇಗ ಆಗಲಿ ಅಂತ. ನಮ್ಮ ಹಿಂದಿನ ಮೇಷ್ಟ್ರುಗಳು ಊರಿನ ಅರ್ಧ ಮಕ್ಕಳನ್ನು ಜೂನ್ ಒಂದನೇ ತಾರೀಕೇ ಹುಟ್ಟಿಸಿಬಿಟ್ಟಿದ್ದರು. ಅವರ ಮುಂದೆ ನನ್ನದೇನು ಮಹಾ ಅಪರಾಧ ಅಂತ ಸಮಾಧಾನ ಮಾಡಿಕೊಂಡೆ. ನಿದ್ದೆ ಮಾತ್ರ ಬರಲಿಲ್ಲ.

ಮಾರ್ಕ್ಸ್ ಕಾರ್ಡ್ ತಿದ್ದಿಸುವುದಕ್ಕಿಂತ ಆಧಾರ್ ತಿದ್ದಿಸುವುದು ಸುಲಭ ಅಂತ ಎಲ್ಲರೂ ಹೇಳಿದರು. ಆದರೆ ಆಧಾರ್‌ನಲ್ಲಿ ಹೆಸರು ಬದಲಾಯಿಸಲು ಜೀವಮಾನಕ್ಕೆ ಎರಡೇ ಅವಕಾಶ. ಮದುವೆಗೂ ಇಂಥ ಮಿತಿ ಹಾಕಿಲ್ಲ. ಹತ್ತೊಂಬತ್ತನೇ ವಯಸ್ಸಿಗೆ ಹುಡುಗ ಒಂದನ್ನು ಖರ್ಚು ಮಾಡಿ ‘ಎ’ ತೆಗೆಸಿದ. ಈಗ ಆಧಾರ್ ಮತ್ತು ಮಾರ್ಕ್ಸ್ ಕಾರ್ಡ್ ಅಣ್ಣತಮ್ಮಂದಿರ ಹಾಗೆ ಒಂದಾದವು. ಅಷ್ಟರಲ್ಲಿ ಜಾತಿ ಸರ್ಟಿಫಿಕೇಟ್ ಮುನಿಸಿಕೊಂಡಿತು. ಅದರಲ್ಲಿ ‘ಎ’ ಇನ್ನೂ ಇತ್ತಲ್ಲ!

ಸರಿ, ಹೊಸ ಸರ್ಟಿಫಿಕೇಟಿಗೆ ಅರ್ಜಿ. ಪರಿಶಿಷ್ಟ ಜಾತಿಯ ಸರ್ಟಿಫಿಕೇಟಿಗೆ ನಮ್ಮ ರಾಜ್ಯದಲ್ಲಿ ಜೀವಮಾನದ ವಾಯಿದೆ ಇದೆ, ಐದು ವರ್ಷಕ್ಕೊಮ್ಮೆ ಜಾತಿ ರಿನೀವಲ್ ಮಾಡಿಸಬೇಕಾಗಿಲ್ಲ. ಅಷ್ಟರ ಮಟ್ಟಿಗೆ ಸರ್ಕಾರ ಸತ್ಯವನ್ನು ಒಪ್ಪಿಕೊಂಡಿದೆ. ಆದರೂ ಆರ್‌ಡಿ ನಂಬರ್ ಬೇಕು, ಸರ್ಟಿಫಿಕೇಟಿನ ಮೇಲಿರುವ ನಂಬರ್ ಅದು. ಆರ್‌ಡಿ ಅಂತ ಶುರುವಾಗಿ ಮುಂದೆ 13 ಅಂಕಿ. ಅದು ಹೊಸ ಹೆಸರಿಗೆ ಹೊಸದಾಗಿ ಹುಟ್ಟಬೇಕು. ಈ ಹುಡುಗನ ಜಾತಿ ಯಾವುದು ಅಂತ ಊರಲ್ಲಿ ಯಾರಿಗೆ ಗೊತ್ತಿಲ್ಲ ಹೇಳಿ? ಹೋಟೆಲಿನ ಲೋಟಕ್ಕೆ ಗೊತ್ತು. ದೇವಸ್ಥಾನದ ಮೆಟ್ಟಿಲಿಗೆ ಗೊತ್ತು. ಪೇಟೆಯಲ್ಲಿ ರೂಮು ಕೇಳಲು ಹೋದರೆ ಓನರ್‌ಗೆ ಎರಡನೇ ಪ್ರಶ್ನೆಗೇ ಗೊತ್ತಾಗುತ್ತದೆ. ಯಾರೂ 13 ಅಂಕಿ ಕೇಳಿದ್ದಿಲ್ಲ. ಗೊತ್ತಿಲ್ಲದ್ದು ಸರ್ವರಿಗೆ ಮಾತ್ರ.

ಕಚೇರಿ ಅಲೆದಾಟವೆಲ್ಲ ಅವರಮ್ಮನ ಪಾಲಿಗೆ ಬಂತು. ಕಾರಣ ಸರಳ. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ ಫ್ರೀ. ‘ನಂಗೆ ಟಿಕೆಟ್ ಇಲ್ಲ, ನಾನೇ ಹೋಗ್ ಬತ್ತೀನಿ’ ಅಂತ ಹೊರಟರು. ಒಂದು ದಿನ ಸಾಹೇಬರು ಮೀಟಿಂಗಿನಲ್ಲಿದ್ದರು. ಇನ್ನೊಂದು ದಿನ ಸಾಹೇಬರಿದ್ದರು, ಕರೆಂಟ್ ಇರಲಿಲ್ಲ. ಮೂರನೇ ದಿನ ಎರಡೂ ಇತ್ತು. ಅವತ್ತು ಹೇಳಿದ್ದು: ಅಪ್ಪನ ಸಹಿ ಬೇಕು, ಅವರೇ ಬರಬೇಕು. ಅಪ್ಪ ಬಂದರು, ಟಿಕೆಟ್ ತೆಗೆದುಕೊಂಡು. ಆದಾಯ ಎಷ್ಟು ಅಂತ ಕೇಳಿದರು. ‘ಕೆಲ್ಸ ಇದ್ರೆ ದಿನಕ್ಕೆ ಎಂಟ್ನೂರು ಸಾಮಿ, ಇವತ್ತು ಇಲ್ಲಿಗೆ ಬಂದಿರೋದ್ರಿಂದ ಸೊನ್ನೆ’ ಅಂದರು. ಬರೆದುಕೊಳ್ಳುವವರು ನಗಲಿಲ್ಲ. ಆ ಕಾಲಮ್ಮಿನಲ್ಲಿ ವರ್ಷದ ಲೆಕ್ಕ ಬೇಕು, ನಿಜ ಬೇಡ.

ಇಷ್ಟಕ್ಕೂ ಸಿಗುವುದೆಷ್ಟು? ಕೇಂದ್ರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಿಂದ ಇದೆ, ಸ್ವಾತಂತ್ರ್ಯಕ್ಕಿಂತ ಮೂರು ವರ್ಷ ಹಿರಿಯದು. 2020ರ ಡಿಸೆಂಬರಿನಲ್ಲಿ ಐದು ವರ್ಷಕ್ಕೆ 59,000 ಕೋಟಿ ರೂಪಾಯಿಯ ಯೋಜನೆ ಅಂತ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಾಗ ಪೇಪರಿನಲ್ಲಿ ಸೊನ್ನೆಗಳನ್ನು ನಾನೂ ಬೆರಳಿಟ್ಟು ಎಣಿಸಿದ್ದೆ. ಆ ಸೊನ್ನೆಗಳು ಕೆಳಗಿಳಿಯುತ್ತಾ ಇಳಿಯುತ್ತಾ, ಮನೆಯಿಂದಲೇ ಓಡಾಡುವ ಬಿ.ಎ. ಹುಡುಗನ ಭತ್ಯೆಗೆ ಬರುವಾಗ ವರ್ಷಕ್ಕೆ 3,000 ರೂಪಾಯಿ. ತಿಂಗಳಿಗೆ 250. ಕಾಲೇಜು ಫೀಸು ಬೇರೆ ಕೊಡುತ್ತಾರೆ, ಅದನ್ನು ಮುಚ್ಚಿಡಲ್ಲ. ಆದರೆ ಈ 3,000ಕ್ಕೆ ಆದ ಖರ್ಚನ್ನು ಒಂದು ಸಂಜೆ ನಾನು ಮತ್ತು ಅವರಮ್ಮ ಜಗಲಿ ಮೇಲೆ ಕೂತು ಕೂಡಿಸಿದೆವು. ಅಪ್ಪನ ಕೂಲಿ ಮೂರು ದಿನದ್ದು 2,400. ಅಮ್ಮನದು ನಾಲ್ಕು ದಿನಕ್ಕೆ 1,600. ಎರಡು ಹೆಸರೂ ಒಬ್ಬನದೇ ಅಂತ ನೋಟರಿ ಮುಂದೆ ಅಫಿಡವಿಟ್, 300. ಝೆರಾಕ್ಸ್, ಪ್ರಿಂಟು, ಸೈಬರ್ ಎಲ್ಲ ಸೇರಿ 250. ಒಟ್ಟು 4,550. ಅಂದರೆ 3,000 ಕಳೆದು, ಈ ಬಡ ಸಂಸಾರವೇ 1,550 ರೂಪಾಯಿ ಸ್ಕಾಲರ್‌ಶಿಪ್ ಕೊಟ್ಟು ವ್ಯವಸ್ಥೆಯನ್ನು ಓದಿಸಿದ ಹಾಗಾಯಿತು. ಅದಿನ್ನೂ ಪಾಸಾಗಿಲ್ಲ.

ಬಡತನದ ಅಳತೆಗೋಲಿನದೂ ಒಂದು ತಮಾಷೆ ಇದೆ. ಈ ವಿದ್ಯಾರ್ಥಿವೇತನಕ್ಕೆ 2021ರ ಮಾರ್ಗಸೂಚಿಯಂತೆ ಮನೆಯ ಆದಾಯ ವರ್ಷಕ್ಕೆ ಎರಡೂವರೆ ಲಕ್ಷ ದಾಟಬಾರದು. ದಾಟಿದರೆ ನೀವು ಸ್ಥಿತಿವಂತರು. 2019ರಲ್ಲಿ ಬಂದ ಆರ್ಥಿಕವಾಗಿ ಹಿಂದುಳಿದವರ ಶೇಕಡಾ ಹತ್ತರ ಮೀಸಲಾತಿಗೆ ಮಿತಿ ಎಂಟು ಲಕ್ಷ. ತಿಂಗಳಿಗೆ ಅರುವತ್ತು ಸಾವಿರ ಬರುವ ಮನೆಯವರೂ ಅಲ್ಲಿ ಬಡವರೇ. ಒಂದು ಸೀಟು, ಇನ್ನೊಂದು ದುಡ್ಡು, ಎರಡನ್ನೂ ಹೋಲಿಸಬೇಡಿ ಅಂತ ತಿಳಿದವರು ಬೈಯುತ್ತಾರೆ. ಒಪ್ಪಿದೆ. ಆದರೆ ಬಡತನ ಅನ್ನುವ ಪದ ಒಂದೇ ಅಲ್ವಾ? ಮಂಜುನಾಥನ ಅಪ್ಪನಿಗೆ ಇದನ್ನು ವಿವರಿಸಲು ಹೋದೆ. ‘ಹಂಗಾರೆ ನಾವು ಆ ಬಡವ್ರು ಆಗಕ್ಕೆ ಏನ್ ಮಾಡ್ಬೇಕು ಮೇಷ್ಟ್ರೇ?’ ಅಂತ ಕೇಳಿಬಿಟ್ಟರು.

ಮೇಷ್ಟ್ರು ಸುಮ್ನೆ ಉಬ್ಬಿಸಿ ಹೇಳ್ತಿದಾರೆ ಅನ್ನಿಸಬಹುದು. 2024ರ ಜೂನ್ 24ನ್ನು ನೆನಪಿಸಿಕೊಳ್ಳಿ. ಉತ್ತರ ಪ್ರದೇಶದ ಮುಜಫ್ಫರ್‌ನಗರ ಜಿಲ್ಲೆಯ ದಲಿತ ದಿನಗೂಲಿ ಕಾರ್ಮಿಕರೊಬ್ಬರ ಮಗನಿಗೆ ಧನ್‌ಬಾದ್ ಐಐಟಿಯಲ್ಲಿ ಸೀಟು ಸಿಕ್ಕಿತ್ತು. ಕಟ್ಟಬೇಕಾದದ್ದು 17,500 ರೂಪಾಯಿ. ಸಂಜೆ ಐದಕ್ಕೆ ಗಡುವು. ಊರಿನವರಿಂದ ದುಡ್ಡು ಹೊಂದಿಸಿಕೊಂಡು ಪೋರ್ಟಲ್ ಮುಂದೆ ಕೂತು ವಿವರ ತುಂಬುತ್ತಿದ್ದ ಹಾಗೇ ಐದು ಬಡಿಯಿತು, ಬಾಗಿಲು ಮುಚ್ಚಿತು, ಸೀಟು ಹೋಯಿತು. ಆ ಹುಡುಗ ಪರಿಶಿಷ್ಟ ಜಾತಿ ಆಯೋಗಕ್ಕೆ ಹೋದ, ಮದ್ರಾಸ್ ಹೈಕೋರ್ಟಿಗೆ ಹೋದ, ಕೊನೆಗೆ ಸುಪ್ರೀಂ ಕೋರ್ಟಿಗೆ. ಸೆಪ್ಟೆಂಬರ್ 30ರಂದು ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಅವರ ಪೀಠ ಸಂವಿಧಾನದ 142ನೇ ವಿಧಿ ಬಳಸಿ ಸೀಟು ಕೊಡಿಸಿತು. ಸಂಪೂರ್ಣ ನ್ಯಾಯ ಕೊಡಲು ಅಂತ ಇಟ್ಟ ಬ್ರಹ್ಮಾಸ್ತ್ರ ಅದು. ಹದಿನೇಳೂವರೆ ಸಾವಿರದ ರಸೀದಿಗೆ ಪ್ರಯೋಗಿಸಬೇಕಾಯಿತು. ಅದೂ ಮೊದಲ ಸಲ ಅಲ್ಲ. 2021ರಲ್ಲಿ ಬಾಂಬೆ ಐಐಟಿಯ ಸೀಟು ಸಿಕ್ಕಿದ ದಲಿತ ಹುಡುಗನೊಬ್ಬ ಕಾರ್ಡ್ ಕೆಲಸ ಮಾಡದೆ ದುಡ್ಡು ಕಟ್ಟಲಾಗದೆ ಇದೇ ಕೋರ್ಟಿನ ಮೆಟ್ಟಿಲು ಹತ್ತಿದ್ದ. ಅಂದರೆ ಬಡ ಹುಡುಗರಿಗೆ ದಾರಿ ಇಲ್ಲ ಅಂತಲ್ಲ, ಇದೆ. ದೆಹಲಿ ಮೇಲೆ ಹಾಯ್ದು ಹೋಗುತ್ತದೆ, ಅಷ್ಟೆ.

ಈ ತಲೆಬಿಸಿಯಲ್ಲೇ ಇನ್ನೊಂದು ಯೋಚನೆ ಬಂತು. 1913ರಲ್ಲಿ ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರು ಒಬ್ಬ ಯುವಕನಿಗೆ ತಿಂಗಳಿಗೆ 11.5 ಪೌಂಡಿನಂತೆ ಮೂರು ವರ್ಷದ ವಿದ್ಯಾರ್ಥಿವೇತನ ಕೊಟ್ಟು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳಿಸಿದರು. ಪುಣ್ಯಕ್ಕೆ ಬರೋಡಾದಲ್ಲಿ ಪೋರ್ಟಲ್ ಇರಲಿಲ್ಲ. ಇದ್ದಿದ್ದರೆ? ಅಭ್ಯರ್ಥಿಯ ಹೆಸರು: ಭೀಮರಾವ್ ಅಂಬೇಡ್ಕರ್. ತಂದೆಯ ಹೆಸರು: ರಾಮ್‌ಜಿ ಸಕ್ಪಾಲ್. ಕೆಂಪಕ್ಷರ ಬಂತು ನೋಡಿ, ಮನೆತನದ ಹೆಸರು ಹೊಂದಾಣಿಕೆಯಾಗುತ್ತಿಲ್ಲ. ಮೊದಲು ಶಾಲೆಯಲ್ಲಿ ಬರೆಸಿದ್ದು ಅಂಬಡವೇಕರ್, ಅದೂ ಹೊಂದುತ್ತಿಲ್ಲ. ತಂದೆಯ ಮೊಬೈಲಿಗೆ ಬಂದಿರುವ ಒಟಿಪಿ ಹಾಕಿ. ತಂದೆ ಅದೇ ವರ್ಷ ತೀರಿಕೊಂಡಿದ್ದರು. ಹಾಗಿದ್ದರೆ ಮರಣ ಪ್ರಮಾಣಪತ್ರ ಲಗತ್ತಿಸಿ, ಫೈಲು ಚಿಕ್ಕದಿರಲಿ. ಅಷ್ಟರಲ್ಲಿ ಹಡಗು ಬಾಂಬೆ ಬಂದರು ಬಿಟ್ಟಿರುತ್ತಿತ್ತು. ಮುಂದೆ ಸಂವಿಧಾನದ ಕರಡು ಸಮಿತಿಗೆ ಬೇರೆ ಯಾರಾದರೂ ಅಧ್ಯಕ್ಷರಾಗುತ್ತಿದ್ದರು, ಬಿಡಿ. ಅವರ ದಾಖಲೆಯಲ್ಲಿ ಹೆಸರು ಮ್ಯಾಚ್ ಆಗ್ತಿತ್ತು.

ಮಂಜುನಾಥನ ಅರ್ಜಿ ಕೊನೆಗೂ ಹೋಯಿತು. ಈಗ ಅದು ‘ಪರಿಶೀಲನೆಯಲ್ಲಿದೆ’. ಎರಡನೇ ವರ್ಷದ ಅಡ್ಮಿಷನ್ ಶುರುವಾಗಿದೆ, ಮೊದಲ ವರ್ಷದ್ದು ಇನ್ನೂ ಪರಿಶೀಲನೆಯಲ್ಲೇ ಇದೆ. ಹುಡುಗ ಪರವಾಗಿಲ್ಲ, ಪಳಗಿದ್ದಾನೆ. ಕಾಲೇಜಿನಲ್ಲಿ ಬೇರೆ ಹುಡುಗರ ಫಾರಂ ಅವನೇ ತುಂಬಿಕೊಡುತ್ತಾನಂತೆ. ಬ್ಯಾಂಕಿನವರು ‘ಆಧಾರ್ ಲಿಂಕ್ ಆಗಿದೆ ಹೋಗಪ್ಪ’ ಅಂದರೆ, ‘ಲಿಂಕ್ ಬೇರೆ, ಎನ್‌ಪಿಸಿಐ ಮ್ಯಾಪಿಂಗ್ ಬೇರೆ ಮೇಡಂ’ ಅಂತ, ಅಂದರೆ ಸರ್ಕಾರದ ದುಡ್ಡು ಯಾವ ಖಾತೆಗೆ ಬೀಳಬೇಕು ಅನ್ನುವ ನಮೂದೇ ಬೇರೆ ಅಂತ, ಅವರಿಗೇ ಪಾಠ ಮಾಡಿ ಬರುತ್ತಾನೆ. ಇತಿಹಾಸದಲ್ಲಿ ಮಾರ್ಕ್ಸ್ ಸ್ವಲ್ಪ ಕಡಿಮೆ. ಓದಲು ಟೈಮ್ ಸಿಕ್ಕಿಲ್ಲ.

ಮೊನ್ನೆ ಸಂಜೆ ಅವರಮ್ಮ ಮತ್ತೆ ಬಂದರು, ಜೊತೆಗೆ ಮಗಳು. ಈ ವರ್ಷ ಹತ್ತನೇ ಕ್ಲಾಸು. ಶ್ವೇತ ಅಂತ ಹೆಸರು, ಅದೂ ಇಟ್ಟುಕೊಂಡದ್ದೇ. ಸೆರಗಿನ ಮರೆಯಿಂದ ಪ್ಲಾಸ್ಟಿಕ್ ಕವರ್ ತೆಗೆದು ಮೂರು ಕಾಗದವನ್ನು ಜಗಲಿ ಮೇಲೆ ಸಾಲಾಗಿ ಇಟ್ಟರು. ಗಾಳಿಗೆ ಹಾರದಂತೆ ಒಂದೊಂದರ ಮೇಲೂ ಒಂದೊಂದು ಕಲ್ಲು.

‘ಮೇಷ್ಟ್ರೇ, ಸ್ಕೂಲಲ್ಲಿ ಹೆಸ್ರು ಬರ್ಕೋತಾವ್ರಂತೆ. ಇವ್ಳ ಹೆಸ್ರಲ್ಲಿ ಇಂಗ್ಲೀಷ್ “ಹೆಚ್” ಅಕ್ಸರ ಎಷ್ಟು ಬತ್ತದೆ, ಈಗ್ಲೇ ನೋಡಿ ಹೇಳ್ಬುಡಿ.’

ಕನ್ನಡಕ ಹಾಕಿಕೊಂಡು ಎಣಿಸಿದೆ. ಆಧಾರ್‌ನಲ್ಲಿ ಎರಡು. ರೇಷನ್ ಕಾರ್ಡಿನಲ್ಲಿ ಒಂದು. ಜನನ ಪತ್ರದಲ್ಲಿ ಒಂದೂ ಇಲ್ಲ.

‘ಹೆಸರಿಟ್ಟೋರು ನೀವಲ್ವಾ, ಎಷ್ಟು ಅಂತ ಇಟ್ರಿ?’ ಅಂದೆ.

‘ನಾವು ಶ್ವೇತ ಅಂತ ಕೂಗಿದ್ವಿ, ಅಷ್ಟೇಯ’ ಅಂದರು.