ಕಿಲೋಮೀಟರ್ ಬಿಡ್ರಿ, ಮನಿಯಿಂದ ಮನಿಗೆ ಎಷ್ಟ್ ತಾಸು ಹೇಳ್ರಿ

ನಮ್ಮ ಹುಬ್ಬಳ್ಳಿ ಧಾರವಾಡದಾಗ ಈಗ ಓಣಿಗೆ ನಾಕ್ ಮನಿಯವರ ಮಕ್ಕಳು ಅಮೆರಿಕಾದಾಗ ಅದಾರ. ಅವ್ವ ಅಪ್ಪ ಹೊಂಟ್ರು ಅಂದ್ರ ಸಾಕು, ಅಲ್ಲಿಂದ ಒಂದು ಸ್ಕ್ರೀನ್‌ಶಾಟ್ ಬರತೈತಿ, ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋ 14 ಸಾವಿರ ಕಿಲೋಮೀಟರ್, 17 ತಾಸು, ಉಂಡು ಮಲ್ಕೊಂಡ್ರ ಮುಗೀತು ಅಂತ. ಈ ಕಿಲೋಮೀಟರ್ ಲೆಕ್ಕ ಕಂಡ್ರ ನನಗ ಸಿಟ್ಟು ಬರತೈತಿ ನೋಡ್ರಿ, ವಿಮಾನದ ವಿಷಯದಾಗ ಅದನ್ನ ನಂಬಿ ಕುಂತ್ರ ಕೆಟ್ರಿ.

2016ರಾಗ ಏರ್ ಇಂಡಿಯಾದವರು ದಿಲ್ಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನಾನ ಅಟ್ಲಾಂಟಿಕ್ ದಾರಿ ಬಿಟ್ಟು ಪೆಸಿಫಿಕ್ ಮ್ಯಾಲಿಂದ ಹಾರಿಸಿದ್ರು. ಹಳೇ ದಾರಿ ಸುಮಾರು 13,900 ಕಿಲೋಮೀಟರ್, ಹೊಸಾದು 15,300. ದಾರಿ ಬೆಳೀತು, ಆದ್ರ ಮುಟ್ಟಿದ್ದು ಹದಿನಾಲ್ಕೂವರಿ ತಾಸಿನಾಗ, ಹತ್ತಿರಹತ್ತಿರ ಎರಡು ತಾಸು ಮೊದಲ! ಯಾಕಂದ್ರ ವಿಮಾನ ಹಾರೂ ಎತ್ತರದಾಗ ಜೆಟ್ ಸ್ಟ್ರೀಮ್ ಅನ್ನೂ ಜೋರ್ ಗಾಳಿ ಪಶ್ಚಿಮದಿಂದ ಪೂರ್ವಕ್ಕ ಬೀಸತೈತಿ, ಪೆಸಿಫಿಕ್ ಕಡೆಯಿಂದ ಹೋದ್ರ ಅದು ಬೆನ್ನಿಗೆ ಬೀಳತೈತಿ, ಅಟ್ಲಾಂಟಿಕ್ ಕಡೆಯಿಂದ ಹೋದ್ರ ಮಾರಿಗೆ. ಗದಗ ರೋಡಿನಾಗ ಎದುರುಗಾಳಿಗೆ ಸೈಕಲ್ ತುಳಿದವರಿಗೆ ಇದನ್ನ ಬಿಡಿಸಿ ಹೇಳೂದು ಬ್ಯಾಡ. ಮತ್ತ 2025ರ ಏಪ್ರಿಲ್‌ದಾಗ ಪಾಕಿಸ್ತಾನ ನಮ್ಮ ವಿಮಾನಗಳಿಗೆ ತನ್ನ ಆಕಾಶ ಬಂದ್ ಮಾಡ್ತು, ದಿಲ್ಲಿಯಿಂದ ಪಶ್ಚಿಮಕ್ಕ ಹೋಗೂ ನಮ್ಮ ವಿಮಾನ ಸುತ್ತು ಹೊಡೀಬೇಕಾತು, ಫೋನಿನಾಗಿನ ಕಿಲೋಮೀಟರ್ ಮಾತ್ರ ಇದ್ದಲ್ಲೇ ಇತ್ತು.

ತಾರೀಖಿಂದು ಇನ್ನೊಂದು ಮಜಾ. 2021ರಾಗ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ, ಉತ್ತರ ಧ್ರುವದ ಕಡೆಯಿಂದ, ಬರೇ ಹೆಣ್ಮಕ್ಕಳೇ ನಡೆಸ್ಕೊಂಡು ಬಂದ ಮೊದಲ ವಿಮಾನ ಜನವರಿ 9ರ ರಾತ್ರಿ ಅಲ್ಲಿ ಬಿಟ್ಟು 11ರ ನಸುಕಿನ್ಯಾಗ ಇಲ್ಲಿ ಇಳೀತು. ಕ್ಯಾಲೆಂಡರ್‌ದಾಗ ಎರಡು ದಿನ, ಹಾರಿದ್ದು ಸುಮಾರು 17 ತಾಸು, ಯಾಕಂದ್ರ ಚಳಿಗಾಲದಾಗ ನಮಗೂ ಅವರಿಗೂ ಹದಿಮೂರುವರಿ ತಾಸಿನ ಫರಕ್ ಐತಿ.

ಆದ್ರ ನನ್ನ ಖರೇ ತಕರಾರು ಬ್ಯಾರೇನ ಐತಿ. ಹುಬ್ಬಳ್ಳಿಯಿಂದ ಬೆಂಗಳೂರು 400 ಕಿಲೋಮೀಟರ್ ಚಿಲ್ಲರೆ, ಒಟ್ಟು ದಾರ್ಯಾಗ ನೂರಕ್ಕ ಮೂರೂ ಆಗಂಗಿಲ್ಲ. ತಾಸು ಲೆಕ್ಕ ಹಾಕ್ರಿ. ಕಾರಿನಾಗ ದೇವನಹಳ್ಳಿ ಮುಟ್ಟಾಕ ಏಳೆಂಟು ತಾಸು, ಆಮ್ಯಾಲ ಮೂರು ತಾಸು ಮೊದಲ ಬರ್ರಿ ಅಂತಾರ, ಅಂದ್ರ ವಿಮಾನ ಹತ್ತೂದ್ರಾಗ ಅರ್ಧ ಜೀವ ಹೋಗಿರತೈತಿ. ಹುಬ್ಬಳ್ಳಿಯ ಗೋಕುಲ ರೋಡ್ ಏರ್‌ಪೋರ್ಟಿಂದ ಹೋದ್ರ ತಾಸಿನಾಗ ಬೆಂಗಳೂರು, ಖರೆ, ಆದ್ರ ಮಕ್ಕಳು ಸೋವಿ ಬಿತ್ತು ಅಂತ ಈ ಟಿಕೆಟ್ ಬ್ಯಾರೆ ಆ ಟಿಕೆಟ್ ಬ್ಯಾರೆ ತಗದಿರ್ತಾರ, ಇಲ್ಲಿ ವಿಮಾನ ತಡಾ ಆತಂದ್ರ ಅಲ್ಲಿ ದೊಡ್ಡ ವಿಮಾನದವರು ಸಾಮಾನ್ಯವಾಗಿ ನಮಗ ಸಂಬಂಧ ಇಲ್ಲ ಅಂತಾರ, ಬ್ಯಾಗ್ ಇಳಿಸ್ಕೊಂಡು ವಿದೇಶಿ ವಿಮಾನದ ಟರ್ಮಿನಲ್ 2 ಹುಡುಕ್ಕೋತ ಹೋಗಿ ಮತ್ತ ಚೆಕ್-ಇನ್ ಮಾಡೂದೂ ಅವ್ವ ಅಪ್ಪನ ತಲಿಗೇ ಬರತೈತಿ.

ಅದಕ್ಕ ಟಿಕೆಟ್ ತಗ್ಯೂ ತಮ್ಮಂದಿರಾ ತಂಗ್ಯಾರಾ, ಸಾಧ್ಯ ಇದ್ರ ಹುಬ್ಬಳ್ಳಿಯಿಂದಲೇ ಒಂದೇ ಪಿಎನ್‌ಆರ್, ಅಂದ್ರ ಒಂದೇ ಬುಕಿಂಗ್ ನಂಬರ್‌ದಾಗ ಪೂರಾ ದಾರಿ ಟಿಕೆಟ್ ಮಾಡಸ್ರಿ, ನಡುವ ನಾಕ್ ತಾಸು ಹೆಚ್ಚು ಕುಂತ್ರೂ ನಡೀತೈತಿ. ಮತ್ತ ವ್ಹೀಲ್‌ಚೇರ್ ಹೇಳಿಬಿಡ್ರಿ. ಅವ್ವ "ನಾ ಏನ್ ಅಷ್ಟು ಮುದುಕಿ ಆಗೇನೇನು" ಅಂತ ಜಗಳಾ ತಗೀತಾಳ, ತಗೀಲಿ.