ಬುಧವಾರಕ್ಕೆ ಕಾಟು ಹಾಕಿದ ಶಾಲೆ

ಸ್ಪೇನಿನ ಶಾಲೆಗಳಲ್ಲಿ ಪಾಠ ಹೇಗೆ ನಡೆಯುತ್ತದೆ ಎಂದು ನೋಡಲು ಹೋದವರ ಕೈಗೆ ಮೊದಲು ಬರುವುದು ವೇಳಾಪಟ್ಟಿ. ಸೋಮವಾರಕ್ಕೆ ಎಲ್, ಮಂಗಳವಾರಕ್ಕೆ ಎಂ, ಗುರುವಾರಕ್ಕೆ ಜೆ, ಶುಕ್ರವಾರಕ್ಕೆ ವಿ. ಬುಧವಾರದ ನೆತ್ತಿಯ ಮೇಲೆ ಮಾತ್ರ ಒಂದು ಎಕ್ಸ್, ಕಾಟು ಹಾಕಿದ ಹಾಗೆ. ವಾರದ ನಡುವೆ ರಜೆ ಕೊಡುವ ಈ ದೇಶ ಎಷ್ಟು ನಾಗರಿಕ ಎಂದುಕೊಂಡ ಹೊಸಬರು ಆ ದಿನ ಮ್ಯೂಸಿಯಂ ನೋಡಲು ಹೊರಟುಬಿಡುತ್ತಾರೆ. ಮಾರ್ತೆಸ್, ಮಿಯೆರ್ಕೊಲೆಸ್ ಎರಡೂ ಎಂನಿಂದಲೇ ಶುರುವಾಗುವುದರಿಂದ ಬುಧವಾರಕ್ಕೆ ಎಕ್ಸ್ ಹಾಕುವುದು ಅಲ್ಲಿನ ರೂಢಿ. ಗೊಂದಲ ತಪ್ಪಿಸಲೆಂದೇ ಮಾಡಿಕೊಂಡ ಏರ್ಪಾಡು ಇದು.

ಸ್ಪ್ಯಾನಿಷ್ ಕಲಿಯುತ್ತಿರುವವರು ಕ್ರಿಯಾಪದಗಳಿಗೆ ಹೆದರುತ್ತಾರೆ. ಹೆದರಬೇಕಾದದ್ದು ಅವಕ್ಕಲ್ಲ. ಕ್ರಿಯಾಪದ ತಪ್ಪಿದರೆ ಎಂಟು ವರ್ಷದ ಮಗುವೇ ತಿದ್ದಿ ಕಳಿಸುತ್ತದೆ. ಶಾಲೆಯ ಒಳಗುಟ್ಟು ತಿಳಿಯದಿದ್ದರೆ ತಿದ್ದುವವರೇ ಇರುವುದಿಲ್ಲ, ಏಕೆಂದರೆ ಅದು ನಿಮಗೆ ಗೊತ್ತಿಲ್ಲ ಎಂಬುದೇ ಯಾರಿಗೂ ಹೊಳೆಯುವುದಿಲ್ಲ. 'ನಾಳೆ ಪ್ರಿಮೆರೋಗೆ ಬನ್ನಿ' ಎನ್ನುತ್ತಾರೆ. ಪ್ರಿಮೆರೋ ಎಂದರೆ ಒಂದನೆಯ ತರಗತಿ ತಾನೇ? ಹೌದು, ಆದರೆ ಅಲ್ಲಿ ಒಂದನೆಯ ತರಗತಿಗಳು ಮೂರಿವೆ. ಆರನೆಯ ವರ್ಷಕ್ಕೆ ಪ್ರಿಮಾರಿಯಾ ಶುರು. ಹನ್ನೆರಡಕ್ಕೆ ಅದು ಮುಗಿದು, ಎಸೋ ಎಂಬ ಕಡ್ಡಾಯ ಪ್ರೌಢಶಿಕ್ಷಣದಲ್ಲಿ ಎಣಿಕೆ ಮತ್ತೆ ಒಂದರಿಂದ. ಹದಿನಾರರ ನಂತರ ಬಾಚಿಯೆರಾತೋದಲ್ಲಿ, ಅಂದರೆ ನಮ್ಮ ಪಿಯುಸಿಯಂಥ ಹಂತದಲ್ಲಿ, ಮತ್ತೊಮ್ಮೆ ಒಂದರಿಂದ. ಬಣ್ಣದ ಚಿತ್ರಪಟ, ಕೈಗೊಂಬೆ ಎಲ್ಲ ಹೊತ್ತುಕೊಂಡು ಬಾಗಿಲು ತೆರೆದರೆ ಒಳಗೆ ಮೀಸೆ ಮೂಡುತ್ತಿರುವ ಹುಡುಗರು ಕೂತಿರುತ್ತಾರೆ. ಕೈಗೊಂಬೆಯನ್ನು ಮತ್ತೆ ಚೀಲಕ್ಕೆ ತುರುಕುವ ಹೊತ್ತಿಗೆ ಅವರೆಲ್ಲ ಅದನ್ನು ನೋಡಿ ಆಗಿರುತ್ತದೆ. 'ಪ್ರಿಮೆರೋ ದೆ ಕೆ?' ಎಂದು ಕೇಳಿಕೊಂಡರೆ, ಅಂದರೆ ಯಾವುದರ ಒಂದನೆಯದು ಎಂದು, ಈ ಪ್ರಸಂಗ ಇರುವುದಿಲ್ಲ.

ಅದಕ್ಕೂ ಮೊದಲು ಕಚೇರಿಯ ಫಾರಂ ದಾಟಬೇಕು. ಸ್ಪೇನಿನಲ್ಲಿ ಮನುಷ್ಯನಿಗೆ ಎರಡು ಅಪೆಯಿದೋ, ಅಂದರೆ ಕುಲನಾಮ: ಒಂದು ತಂದೆಯ ಕಡೆಯದು, ಒಂದು ತಾಯಿಯ ಕಡೆಯದು. ಒಂದೇ ಇರುವ ಪರದೇಶಿ ಎರಡನೆಯ ಚೌಕವನ್ನು ಖಾಲಿ ಬಿಟ್ಟರೆ, ಕಚೇರಿಯವರು ಅಯ್ಯೋ ಪಾಪ ಎಂದುಕೊಂಡು ಹೆಸರಿನ ನಡುವಿನ ಪದವನ್ನು ಎತ್ತಿ ಮೊದಲ ಅಪೆಯಿದೋ ಮಾಡುತ್ತಾರೆ. ಪಟ್ಟಿಗಳೆಲ್ಲ ಮೊದಲ ಅಪೆಯಿದೋದ ಅಕಾರಾದಿಯಲ್ಲಿ ಇರುವುದರಿಂದ ಮರುದಿನ ಬಾಗಿಲಲ್ಲಿ ನಿಮ್ಮ ಹೆಸರು ಸಿಗುವುದಿಲ್ಲ. 'ಸೋಲೋ ತೆಂಗೋ ಉನ್ ಅಪೆಯಿದೋ', ನನಗಿರುವುದು ಒಂದೇ, ಎಂದು ಬಾಯಿಬಿಟ್ಟು ಹೇಳಿ. ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ ಬರೆಸಿ. ಮಕ್ಕಳ ಜೊತೆ ಪದೇ ಪದೇ ಇರುವಂಥ ಕೆಲಸವಾದರೆ, ಸ್ವಯಂಸೇವೆಯಾದರೂ ಸರಿ, ಲೈಂಗಿಕ ಅಪರಾಧದ ದಾಖಲೆ ಇಲ್ಲ ಎಂಬ ಪ್ರಮಾಣಪತ್ರ ಬೇಕು. 2015ರ ಕಾನೂನು ಇದನ್ನು ಕಡ್ಡಾಯ ಮಾಡಿದೆ. ಹೊರಡುವ ಮೊದಲೇ ಶಾಲೆಗೆ ಬರೆದು ಯಾವ ಯಾವ ಕಾಗದ ಬೇಕೆಂದು ಕೇಳಿಕೊಳ್ಳುವುದು ಜಾಣತನ.

ಊರಿನ ಆಯ್ಕೆಯಲ್ಲೇ ಎಡವುವವರ ಪಾಡು ಇನ್ನೂ ಸೊಗಸು. ಸ್ಪ್ಯಾನಿಷ್ ಕಿವಿಗೆ ಬೀಳಲಿ ಎಂದು ಬಾರ್ಸಿಲೋನಾದ ಸರ್ಕಾರಿ ಶಾಲೆ ಆರಿಸಿಕೊಂಡು, ಹಿಂದಿನ ಬೆಂಚಿನಲ್ಲಿ ಕೂತು, ಒಂದಕ್ಷರವೂ ಅರ್ಥವಾಗದೆ, ಕಲಿತದ್ದೆಲ್ಲ ಹೊಳೆಯಲ್ಲಿ ಹುಣಸೆ ತೊಳೆದ ಹಾಗಾಯಿತು ಎಂದು ಕೊರಗುವವರಿದ್ದಾರೆ. ಅಲ್ಲಿ ಪಾಠ ನಡೆಯುವುದು ಹೆಚ್ಚಾಗಿ ಕತಲಾನ್ ಭಾಷೆಯಲ್ಲಿ. ಬಾಸ್ಕ್ ಪ್ರಾಂತ್ಯದಲ್ಲಿ 'ಡಿ ಮಾದರಿ' ಎಂದು ಬರೆದ ಶಾಲೆ ಸಿಕ್ಕರೆ, ಸ್ಪ್ಯಾನಿಷ್ ಎಂಬ ಒಂದು ವಿಷಯ ಬಿಟ್ಟು ಉಳಿದದ್ದೆಲ್ಲ ಬಾಸ್ಕ್‌ನಲ್ಲೇ. ಅದಕ್ಕೂ ಸ್ಪ್ಯಾನಿಷ್‌ಗೂ ನೆಂಟಸ್ತಿಕೆಯೇ ಇಲ್ಲ. ಗಣಿತವನ್ನು ಯಾವ ಭಾಷೆಯಲ್ಲಿ ಕಲಿಸುತ್ತೀರಿ ಎಂದು ಮೊದಲ ಪತ್ರದಲ್ಲೇ ಕೇಳಿಬಿಡಿ.

ಸ್ಪ್ಯಾನಿಷೇ ಆದರೂ ಓಟ ಜೋರು. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸ್ಪ್ಯಾನಿಷ್ ವೇಗ ಸೆಕೆಂಡಿಗೆ ಸರಾಸರಿ 7.82 ಉಚ್ಚಾರಾಂಶ, ಇಂಗ್ಲಿಷಿನದು 6.19. ಪುಣ್ಯಕ್ಕೆ ಮೇಷ್ಟ್ರುಗಳು ಎಲ್ಲ ದೇಶದಲ್ಲೂ ಹೇಳಿದ್ದನ್ನೇ ಹೇಳುವವರು. ಪುಸ್ತಕ ತೆಗೆಯಿರಿ, ಬಾಯಿ ಮುಚ್ಚಿ, ಕೂತುಕೊಳ್ಳಿ: ಇಂಥ ಇಪ್ಪತ್ತು ಅಪ್ಪಣೆ ಬಾಯಿಪಾಠವಿದ್ದರೆ ಪಾಠದ ನಡಿಗೆ ಸಿಕ್ಕಿಬಿಡುತ್ತದೆ. ಆದರೆ ಯಾವ ದೇಶದ ಅಪ್ಪಣೆ ಎಂದು ನೋಡಿಕೊಳ್ಳಬೇಕು. ಸ್ಪೇನಿನ ಮಕ್ಕಳಿಗೆ 'ಸೆಂತಾಓಸ್', ಮೆಕ್ಸಿಕೋದಲ್ಲಿ 'ಸಿಯೆಂತೆನ್ಸೆ'. ಎರಡನೆಯದನ್ನು ಕಲಿತು ಮ್ಯಾಡ್ರಿಡ್‌ನ ಮೂರನೆಯ ತರಗತಿಯಲ್ಲಿ ಪ್ರಯೋಗಿಸಿದರೆ 'ತಾವೆಲ್ಲ ದಯಮಾಡಿ ಆಸೀನರಾಗಬೇಕು' ಎಂದ ಹಾಗೆ ಕೇಳುತ್ತದೆ. ಮೂಗು ಸೋರುತ್ತಿರುವ ಪುಟಾಣಿಗಳು ಆಸೀನರಾಗುವುದಿಲ್ಲ, ನಗುತ್ತಾರೆ. ಅವರು ಮಾತ್ರ ಟೀಚರನ್ನು ಹೆಸರು ಹಿಡಿದೇ ಕರೆಯುತ್ತಾರೆ, ಇಲ್ಲವೆ 'ಪ್ರೊಫೆ' ಎನ್ನುತ್ತಾರೆ. ಅದನ್ನು ಶಿಸ್ತಿಲ್ಲ ಎಂದು ಟಿಪ್ಪಣಿಯಲ್ಲಿ ಬರೆದುಕೊಂಡರೆ ಆ ಟಿಪ್ಪಣಿ ಹರಿದುಹಾಕಬೇಕಾಗುತ್ತದೆ.

ಗಣಿತದ ತರಗತಿ ಸುಲಭ, ಅಂಕಿಗಳಿಗೆ ಭಾಷೆಯಿಲ್ಲ ಎನ್ನುವವರಿಗೊಂದು ನಮಸ್ಕಾರ. ಸ್ಪೇನಿನ ಕರಿಹಲಗೆಯಲ್ಲಿ ಭಾಗಾಕಾರ ಅಡ್ಡ ತಿರುಗಿ ನಿಂತಿರುತ್ತದೆ: ಭಾಜ್ಯ ಎಡಕ್ಕೆ, ಭಾಜಕ ಬಲಕ್ಕೆ, ಭಾಗಲಬ್ಧ ಭಾಜಕದ ಕೆಳಗೆ. ದಶಮಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ, ಹಾಗಾಗಿ 3,5 ಎಂದರೆ ಮೂರೂವರೆ. 'ಬಿಯೋನ್' ಎಂದರೆ ಶತಕೋಟಿಯಲ್ಲ, ಲಕ್ಷ ಕೋಟಿ. ಅಲ್ಲಿ ಕಿವಿ ತಪ್ಪಿದರೆ ಸಾವಿರ ಪಟ್ಟು ಲೆಕ್ಕ ತಪ್ಪುತ್ತದೆ. ಅಂಕಪಟ್ಟಿ ನೋಡಿ ಮುಖಭಾವ ತೋರಿಸುವ ಮುನ್ನ ದೇಶ ಯಾವುದೆಂದು ನೆನೆಸಿಕೊಳ್ಳಿ. ಸ್ಪೇನಿನಲ್ಲಿ ಹತ್ತಕ್ಕೆ 5 ಬಂದರೆ ಪಾಸು, ಮೆಕ್ಸಿಕೋದಲ್ಲಿ 6 ಬೇಕು. ಚಿಲಿಯಲ್ಲಿ ಅಂಕ 1ರಿಂದ 7ರವರೆಗೆ ಮಾತ್ರ, 4 ಬಂದರೆ ಪಾಸು. ಅಲ್ಲಿ 7 ತಂದು ಕುಣಿಯುತ್ತಿರುವ ಹುಡುಗಿಗೆ 'ಪರವಾಗಿಲ್ಲ ಪುಟ್ಟಾ, ಮುಂದಿನ ಸಲ ನೋಡೋಣ' ಎಂದು ಸಮಾಧಾನ ಹೇಳಿದವರನ್ನು ಅವಳ ಅಮ್ಮ ಬೇಗ ಮರೆಯುವುದಿಲ್ಲ.

ಊಟದ ಮಾತು ಒಂದೇ ಸಾಲಿನಲ್ಲಿ: 'ಅಲ್ಮುವೆರ್ಸೋ' ಎಂದು ಕರೆದರೆ ವಲೆನ್ಸಿಯಾ ಕಡೆ ಅದು ಬೆಳಗಿನ ನಡುಹೊತ್ತಿನ ತಿಂಡಿ, ಬೇರೆ ಕಡೆ ಮಧ್ಯಾಹ್ನದ ಊಟ, ಗಂಟೆ ಕೇಳದೆ ಹೊಟ್ಟೆ ಖಾಲಿ ಇಟ್ಟುಕೊಳ್ಳಬೇಡಿ.

ಇಷ್ಟೆಲ್ಲ ಸರಿಹೋದ ಮೇಲೆ ಟೀಚರು 'ಉನ್ ಮೊಮೆಂತೋ' ಎಂದು ಹೊರಗೆ ಹೋಗುತ್ತಾರೆ. ಸ್ಪೇನಿನ ಪ್ರಾಥಮಿಕ ತರಗತಿಗೆ 25 ಮಕ್ಕಳೆಂಬುದು ಸಾಮಾನ್ಯ ಮಿತಿ. ಆ ಎಲ್ಲರೂ ನಿಮ್ಮತ್ತ ತಿರುಗುತ್ತಾರೆ. ಒಬ್ಬ ಕೈ ಎತ್ತಿ ಬಚ್ಚಲುಮನೆಗೆ ಹೋಗಲೇ ಎಂದು ಕೇಳುತ್ತಾನೆ. ಈ ಒಂದು ಪ್ರಶ್ನೆ ಪೂರ್ತಿ ಅರ್ಥವಾಯಿತೆಂಬ ಖುಷಿಯಲ್ಲಿ 'ಬಾಲೆ', ಆಗಲಿ, ಎಂದುಬಿಡುವುದು ಸಹಜ. ಹೇಳಬೇಕಾದದ್ದು 'ಪ್ರೆಗುಂತಾ ಆ ಲಾ ಪ್ರೊಫೆ', ಟೀಚರನ್ನು ಕೇಳು, ಎಂದು. ಬಾಲೆ ಎಂದವರ ಮುಂದೆ ಆಗಲೇ ಇನ್ನು 24 ಕೈಗಳು ಮೇಲೆದ್ದಿರುತ್ತವೆ.