ಸೊನ್ನೆಯಿಂದ ಭಾಗಿಸಲು ಹೊರಟವರು

ಹೊರನಾಡಿನಲ್ಲಿ ನಾಲ್ಕು ದೇಶದವರು ಕೂಡಿದಾಗ ಮಾತು ಗಣಿತದತ್ತ ಹೊರಳಿದರೆ ಸಾಕು, ‘ಸೊನ್ನೆ ಕೊಟ್ಟವರು ನಾವು’ ಎಂದು ನಮ್ಮವರು ಎದೆಯುಬ್ಬಿಸುತ್ತಾರೆ. ನನಗೆ ಕಸಿವಿಸಿ. ಮಾತು ಸುಳ್ಳೆಂದಲ್ಲ, ಅರ್ಧಕ್ಕೇ ನಿಲ್ಲುತ್ತದೆ ಎಂದು.

ಬರೀ ಗುರುತಿನ ಮಾತಾದರೆ ಹಕ್ಕುದಾರರು ಹಲವರಿದ್ದಾರೆ. ಬ್ಯಾಬಿಲೋನಿನ ಲಿಪಿಕಾರರು ಕ್ರಿಸ್ತಪೂರ್ವದಲ್ಲೇ ಅಂಕಿಗಳ ನಡುವಿನ ಖಾಲಿ ಸ್ಥಾನದಲ್ಲಿ ಎರಡು ಓರೆ ಗುರುತು ಒತ್ತುತ್ತಿದ್ದರು. ಕೊನೆಯಲ್ಲಿ ಮಾತ್ರ ಒತ್ತುತ್ತಿರಲಿಲ್ಲ. ಅವರದು ಅರವತ್ತರ ಲೆಕ್ಕವಾದ್ದರಿಂದ (ನಮ್ಮದು ಹತ್ತರದು) 1 ಯಾವುದು, 60 ಯಾವುದು ಎಂಬುದನ್ನು ಸಂದರ್ಭ ನೋಡಿಯೇ ತಿಳಿಯಬೇಕಿತ್ತು. ಮಧ್ಯ ಅಮೆರಿಕದ ಮಾಯಾ ಜನ ಯಾರ ಹಂಗೂ ಇಲ್ಲದೆ ಚಿಪ್ಪಿನಾಕಾರದ ಸೊನ್ನೆ ಬರೆದರು. ಚೀನಿಯರು ಎಣಿಕೆಯ ಕಡ್ಡಿಗಳ ನಡುವೆ ಜಾಗ ಬಿಟ್ಟು ಶತಮಾನಗಳ ಕಾಲ ಸಲೀಸಾಗಿ ಲೆಕ್ಕ ಮಾಡಿದರು. ಯುರೋಪಿಗೆ ಅರಬರ ಮೂಲಕ ಹೋದ ಅಂಕಿಗಳ ಮೇಲೆ ಸಂಶಯವೇ ಹೆಚ್ಚು: ಫ್ಲಾರೆನ್ಸಿನ ಹಣ ವಿನಿಮಯಗಾರರ ಸಂಘ 1299ರಲ್ಲಿ ಲೆಕ್ಕದ ಪುಸ್ತಕಗಳಲ್ಲಿ ಅವುಗಳ ಬಳಕೆಯನ್ನೇ ನಿಷೇಧಿಸಿತು.

ಭಾರತದ ಹೆಚ್ಚುಗಾರಿಕೆ ಬೇರೆ ಕಡೆ ಇದೆ. 628ರಲ್ಲಿ ಬ್ರಹ್ಮಗುಪ್ತ ಸೊನ್ನೆಯನ್ನು ಸಂಖ್ಯೆಗಳ ಪಂಕ್ತಿಯಲ್ಲೇ ಕೂರಿಸಿ ಕೂಡಿಸಿದ, ಕಳೆದ, ಗುಣಿಸಿದ. ಸಮನಾದ ಧನ, ಋಣ ಸೇರಿದರೆ ಸೊನ್ನೆ ಎಂದ. ಅಷ್ಟಕ್ಕೇ ಬಿಡದೆ ಭಾಗಾಕಾರಕ್ಕೂ ಕೈಹಾಕಿ, ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಎಂದು ಬರೆದ. ಒಂಬತ್ತನೆಯ ಶತಮಾನದಲ್ಲಿ, ನಮ್ಮ ನೃಪತುಂಗನ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯ, ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಹಾಗೆಯೇ ಉಳಿಯುತ್ತದೆ ಎಂದ. ತಪ್ಪು ಹೌದು. ಆದರೂ ಕನ್ನಡಿಗನಾಗಿ ನನಗೆ ಈ ತಪ್ಪಿನ ಮೇಲೆ ವಿಶೇಷ ಮಮತೆ, ಏಕೆಂದರೆ ಅದರ ಹಿಂದಿನ ತರ್ಕ ಕಾಣುತ್ತದೆ: ಇಲ್ಲದ್ದರಿಂದ ಪಾಲು ಮಾಡಿದರೆ ಪಾಲೇ ಆಗಲಿಲ್ಲವಲ್ಲ! ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯನಿಗೆ ಅದು ಸಾಲಲಿಲ್ಲ. ಸೊನ್ನೆಯಿಂದ ಭಾಗಿಸಿದ ರಾಶಿಯನ್ನು ಅವನು ಖಹರ, ಅಂದರೆ ಸೊನ್ನೆಯೇ ಛೇದವಾದದ್ದು, ಎಂದು ಕರೆದ. ಎಷ್ಟು ಕೂಡಿದರೂ ಕಳೆದರೂ ಅದು ಬದಲಾಗದು, ಪ್ರಳಯದಲ್ಲಿ ಜೀವಿಗಳೆಲ್ಲ ಬಂದು ಸೇರಿದರೂ ಅಚ್ಯುತ ಬದಲಾಗದ ಹಾಗೆ ಎಂದ.

ಇಂದಿನ ಗಣಿತ ಈ ಮೂವರಿಗೂ ಪೂರ್ತಿ ಅಂಕ ಕೊಡುವುದಿಲ್ಲ. ಸೊನ್ನೆಯಿಂದ ಭಾಗಿಸುವುದಕ್ಕೆ ಅರ್ಥವೇ ಇಲ್ಲ ಎನ್ನುತ್ತದೆ. ಇರಲಿ. ಗುರುತು ಕಂಡುಕೊಂಡ ಉಳಿದವರು ಅಲ್ಲಿಗೇ ನಿಂತಾಗ, ಇಲ್ಲಿ 500 ವರ್ಷಗಳಿಗೂ ಹೆಚ್ಚು ಕಾಲ ಒಬ್ಬರ ಉತ್ತರವನ್ನು ಇನ್ನೊಬ್ಬರು ಒಪ್ಪದೆ ಕೆದಕುತ್ತಲೇ ಹೋದರು. ಹೆಮ್ಮೆಪಡುವುದಾದರೆ ಆ ತಕರಾರಿನ ಬಗ್ಗೆ ಪಡೋಣ.